ಕಾಠ್ಮಂಡುವಿಗೆ ಲಾರಿ ಲೋಡ್: ಯಾವ ಗಡಿ, ಯಾವ ಗಾಡಿ, ಯಾವ ದಾರಿ?

ಬೆಂಗಳೂರಿನ ಪೀಣ್ಯದಲ್ಲಿ ಕೂತು ನೇಪಾಳಕ್ಕೆ ಸರಕು ಕಳಿಸುವುದು ನನ್ನ ಕೆಲಸ. ಪಂಪು, ಮೋಟರು, ಮೆಷಿನ್ ಬಿಡಿಭಾಗ ಇಂಥವೇ ಜಾಸ್ತಿ. ಹೊಸದಾಗಿ ನೇಪಾಳದ ಆರ್ಡರ್ ಸಿಕ್ಕವರು ಫೋನ್ ಮಾಡಿದರೆ ಮೊದಲ ಪ್ರಶ್ನೆ, "ಕಾಠ್ಮಂಡುವಿಗೆ ಬಾಡಿಗೆ ಎಷ್ಟಾಗುತ್ತೆ ಸಾರ್?" ಎರಡನೆಯದು, "ಎಷ್ಟು ಕಿಲೋಮೀಟರ್?"

ಎರಡೂ ಬೇಕಾದ ಪ್ರಶ್ನೆಗಳೇ. ಆದರೆ ಅದಕ್ಕೂ ಮೊದಲು ಕೇಳಬೇಕಾದ್ದು ಇನ್ನೊಂದಿದೆ. ಲಾರಿ ಎಲ್ಲೆಲ್ಲಿ ನಿಲ್ಲುತ್ತದೆ? ಎಷ್ಟು ದಿನ ನಿಲ್ಲುತ್ತದೆ? ನಿಂತ ದಿನದ ದುಡ್ಡು ಯಾರ ತಲೆಗೆ? ನೇಪಾಳದ ಸಾಗಣೆಯಲ್ಲಿ ದುಡ್ಡು ಹೋಗುವುದು ಓಡುವ ದಿನಗಳಲ್ಲಲ್ಲ, ನಿಲ್ಲುವ ದಿನಗಳಲ್ಲಿ. ಕೆಳಗೆ ಹೋಲಿಸಿರುವ ಗಡಿ, ಗಾಡಿ, ದಾರಿ ಎಲ್ಲವನ್ನೂ ನಾನು ಇದೇ ಲೆಕ್ಕದಲ್ಲಿ ತೂಗಿದ್ದೇನೆ.

ನಕ್ಷೆ ಹೀಗಿದೆ. ನೇಪಾಳಕ್ಕೆ ಸಮುದ್ರವಿಲ್ಲ. ಮೂರು ಕಡೆ ಭಾರತ, ಉತ್ತರಕ್ಕೆ ಹಿಮಾಲಯ, ಅದರಾಚೆ ಚೀನಾ. ಬೆಂಗಳೂರಿನಿಂದ ಹೈದರಾಬಾದ್, ನಾಗಪುರ, ಜಬಲ್‌ಪುರ, ವಾರಾಣಸಿ, ಗೋರಖಪುರ ದಾಟಿ ಬಿಹಾರದ ರಕ್ಸೌಲ್ ಮುಟ್ಟಲು 2200 ಕಿ.ಮೀ. ಆಸುಪಾಸು. ಅಲ್ಲಿಂದ ಕಾಠ್ಮಂಡುವಿಗೆ ಲಾರಿ ಹೋಗುವ ದಾರಿ ಸುಮಾರು 280 ಕಿ.ಮೀ. ಮಾತ್ರ. ಆದರೆ ಚಾಲಕರನ್ನು ಕೇಳಿ ನೋಡಿ, ಆ 2200 ಒಂದು ಲೆಕ್ಕ, ಈ 280 ಒಂದು ಲೆಕ್ಕ ಅನ್ನುತ್ತಾರೆ. ಗಡಿಯ ಬಯಲು ಸಮುದ್ರ ಮಟ್ಟದಿಂದ ನೂರು ಮೀಟರ್ ಕೂಡ ಇಲ್ಲ. ಕಾಠ್ಮಂಡು ಕಣಿವೆ ಇರುವುದು ಸುಮಾರು 1400 ಮೀಟರ್ ಎತ್ತರದಲ್ಲಿ.

ಮಳೆಗಾಲದಲ್ಲಿ ಶಿರಾಡಿ ಘಾಟಿ ಬಂದ್ ಆದರೆ ಮಂಗಳೂರಿನ ಲಾರಿಗಳ ಪಾಡು ಏನಾಗುತ್ತದೆ ಅಂತ ನಮಗೆ ಗೊತ್ತು, ಅಲ್ವಾ? ಸಕಲೇಶಪುರದ ತನಕ ಸಾಲು. ಚಾರ್ಮಾಡಿ ಇದೆ, ಸಂಪಾಜೆ ಇದೆ, ಆದರೆ ಭಾರಿ ವಾಹನ ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲ. ಒಂದು ದೇಶದ ರಾಜಧಾನಿಗೆ ಹೋಗುವ ಬಹುಪಾಲು ಸರಕು ಅಂಥ ಒಂದೇ ಘಾಟಿಯನ್ನು ನಂಬಿಕೊಂಡಿದೆ ಅಂದುಕೊಳ್ಳಿ. ನೇಪಾಳದ ಸ್ಥಿತಿ ಅದು.

ಮೊದಲು ಒಂದು ಮಾತು: ಬೆಟ್ಟ ಹತ್ತಲೇಬೇಕಾ?

ನೇಪಾಳ ಅಂದರೆ ಕಾಠ್ಮಂಡು ಅಂತ ನಾವು ಅಂದುಕೊಂಡುಬಿಡುತ್ತೇವೆ. 2021ರ ಜನಗಣತಿಯ ಪ್ರಕಾರ ಅಲ್ಲಿನ ಅರ್ಧಕ್ಕಿಂತ ಜಾಸ್ತಿ ಜನ ಇರುವುದು ತೆರಾಯಿ ಬಯಲಿನಲ್ಲಿ. ಬೀರ್‌ಗಂಜ್, ಜನಕಪುರ, ಬಿರಾಟ್‌ನಗರ, ಭೈರಹವಾ, ನೇಪಾಲ್‌ಗಂಜ್ ಎಲ್ಲ ಗಡಿಗೆ ಅಂಟಿಕೊಂಡ ಊರುಗಳು. ನಿಮ್ಮ ಗಿರಾಕಿಯ ಕಚೇರಿ ಕಾಠ್ಮಂಡುವಿನಲ್ಲಿ ಇರಬಹುದು. ಆದರೆ ಮಾಲು ಬಿಕರಿಯಾಗುವುದು ತೆರಾಯಿಯಲ್ಲೇ ಆದರೆ ಅದನ್ನು ಮೇಲೆ ಹತ್ತಿಸಿ ಮತ್ತೆ ಕೆಳಗೆ ಇಳಿಸುವುದು ಯಾಕೆ? ಛಠ್ ಹಬ್ಬಕ್ಕೆ ತೆಂಗಿನಕಾಯಿ ಕಳಿಸುವವರಾದರೆ ಈ ಪ್ರಶ್ನೆಯೇ ಬರುವುದಿಲ್ಲ, ಹಬ್ಬ ನಡೆಯುವುದೇ ಮುಖ್ಯವಾಗಿ ಬಯಲಿನಲ್ಲಿ. ಪಂಪ್‌ಸೆಟ್‌ಗೂ ಅದೇ ಮಾತು. "ಬಿಲ್ ಎಲ್ಲಿಗೆ" ಅನ್ನುವುದು ಒಂದು, "ಮಾಲು ಎಲ್ಲಿಗೆ" ಅನ್ನುವುದು ಇನ್ನೊಂದು. ಬೇರೆ ಬೇರೆಯಾಗಿ ಕೇಳಿ.

ಯಾವ ಗಡಿ?

ರಕ್ಸೌಲ್–ಬೀರ್‌ಗಂಜ್ ಎಲ್ಲಕ್ಕಿಂತ ದೊಡ್ಡ ಬಾಗಿಲು. 2018ರ ಏಪ್ರಿಲ್‌ನಲ್ಲಿ ಇಲ್ಲಿ ಸಮಗ್ರ ಚೆಕ್‌ಪೋಸ್ಟ್, ಅಂದರೆ ಕಸ್ಟಮ್ಸ್, ತಪಾಸಣೆ ಎಲ್ಲ ಒಂದೇ ಅಂಗಳದಲ್ಲಿ ನಡೆಯುವ ಜಾಗ, ಶುರುವಾಯಿತು. ಅದಕ್ಕೂ ಮುಂಚೆ ಲಾರಿಗಳು ರಕ್ಸೌಲ್ ಪೇಟೆಯ ನಡುವೆ, ಕುದುರೆ ಗಾಡಿ, ಸೈಕಲ್ ರಿಕ್ಷಾಗಳ ಜೊತೆಯಲ್ಲೇ ನುಗ್ಗಿ ಶಂಕರಾಚಾರ್ಯ ದ್ವಾರದ ಕಡೆ ತೆವಳಬೇಕಿತ್ತು. ಈಗ ಲಾರಿಗಳಿಗೆ ಬೇರೆ ದಾರಿ, ಬೇರೆ ಅಂಗಳ. ಇಲ್ಲಿಯ ದೊಡ್ಡ ಲಾಭ ಅಂದರೆ ಜನ. ಕಸ್ಟಮ್ಸ್ ಏಜೆಂಟರು, ಹಮಾಲರು, ಗೋಡೌನು, ಬಾಡಿಗೆಗೆ ಕಾದು ನಿಂತ ನೇಪಾಳಿ ಲಾರಿ ಎಲ್ಲವೂ ಒಂದೇ ಕಡೆ ಸಿಗುತ್ತವೆ. ಒಂದು ಗಾಡಿ ಕೈಕೊಟ್ಟರೆ ಇನ್ನೊಂದು ಸಿಗುತ್ತದೆ. ಕಷ್ಟವೂ ಅದರಿಂದಲೇ ಬರುತ್ತದೆ. ಎಲ್ಲರೂ ಇಲ್ಲಿಗೇ ಬರುವುದರಿಂದ ನೂಕುನುಗ್ಗಲು ಶುರುವಾದರೆ ಸಾಲು ಬೇಗ ಕರಗುವುದಿಲ್ಲ.

ಸೌನೌಲಿ–ಭೈರಹವಾ ಗೋರಖಪುರದಿಂದ ನೂರು ಕಿ.ಮೀ. ಆಸುಪಾಸು. ಬೆಂಗಳೂರಿನ ಲಾರಿಗೆ ರಕ್ಸೌಲ್‌ಗಿಂತ ಹತ್ತಿರ. ನಕ್ಷೆ ನೋಡಿದವರು ತಕ್ಷಣ ಇದನ್ನೇ ಆರಿಸುತ್ತಾರೆ. ಬುಟ್ವಲ್‌ಗೋ ಪೋಖರಾಗೋ ಮಾಲು ಇದ್ದರೆ ಸರಿಯಾದ ಆಯ್ಕೆಯೇ. ಕಾಠ್ಮಂಡುವಿಗೆ ಅಂದರೆ ನಾನು ಬೇಡ ಅನ್ನುತ್ತೇನೆ. ಭೈರಹವಾದಿಂದ ಬುಟ್ವಲ್‌ಗೆ ಹೋಗಿ ಪೂರ್ವಕ್ಕೆ ತಿರುಗಿ ನಾರಾಯಣಘಾಟ್‌ಗೆ ಬರಬೇಕು. ಆ ಸುಮಾರು 115 ಕಿ.ಮೀ. ರಸ್ತೆಯನ್ನು ಅಗಲ ಮಾಡುವ ಕೆಲಸ 2019ರಲ್ಲಿ ಶುರುವಾಗಿ ವರ್ಷಗಟ್ಟಲೆ ಎಳೆದಾಡಿತು. ನಡುವೆ ದೌನ್ನೆ ಗುಡ್ಡದ ಏರು ಬರುತ್ತದೆ. ಬೇಸಿಗೆಯಲ್ಲಿ ಧೂಳು, ಮಳೆಯಲ್ಲಿ ಕೆಸರು. ಒಂದು ಲಾರಿ ಹೂತುಕೊಂಡರೆ ಹಿಂದಿನ ಲಾರಿಗಳೆಲ್ಲ ನಿಂತಂತೆಯೇ. ಈ ಕಡೆ ಉಳಿಸಿದ ಕಿಲೋಮೀಟರ್ ಅಲ್ಲಿ ಕೈಬಿಟ್ಟು ಹೋಗುತ್ತದೆ. ಆಯ್ಕೆ ಮಾಡುವ ಮುಂಚೆ ಆ ವಾರ ದೌನ್ನೆ ಹೇಗಿದೆ ಅಂತ ಅಲ್ಲಿನ ಏಜೆಂಟರನ್ನು ಕೇಳಿಬಿಡಿ.

ಜೋಗ್‌ಬನಿ–ಬಿರಾಟ್‌ನಗರದಲ್ಲೂ ಚೆಕ್‌ಪೋಸ್ಟ್ ಇದೆ, 2020ರ ಜನವರಿಯಲ್ಲಿ ಉದ್ಘಾಟನೆ ಆಯಿತು. ಇಟಹರಿ, ಧರಾನ್ ಕಡೆಗೆ ಇದೇ ಸರಿ. ರುಪೈಡಿಹಾ–ನೇಪಾಲ್‌ಗಂಜ್ ಪಶ್ಚಿಮದ ಸುರ್ಖೇತ್ ಮತ್ತು ಕರ್ನಾಲಿ ಪ್ರಾಂತ್ಯಕ್ಕೆ. ಸಿಲಿಗುರಿ ಪಕ್ಕದ ಕಾಕರ್‌ಭಿಟ್ಟಾ ಝಾಪಾ, ಇಲಾಮ್ ಕಡೆಗೆ. ಈ ಮೂರರಲ್ಲಿ ಯಾವುದನ್ನೂ ಕಾಠ್ಮಂಡುವಿಗಾಗಿ ಆರಿಸಬೇಡಿ.

ಚೀನಾ ಕಡೆಯ ಗಡಿ ನಮ್ಮ ಲಾರಿಗೆ ಸಂಬಂಧವಿಲ್ಲ. ಆದರೆ ನಿಮ್ಮ ಗಿರಾಕಿ ನಿಮ್ಮ ಮಾಲನ್ನು ಚೀನಾದ ಮಾಲಿನ ಜೊತೆ ಹೋಲಿಸುತ್ತಿರುತ್ತಾನೆ. ಹಾಗಾಗಿ ಗೊತ್ತಿರಲಿ. ತಾತೋಪಾನಿ ನಾಕೆ 2015ರ ಭೂಕಂಪದಲ್ಲಿ ಮುಚ್ಚಿ, ಮತ್ತೆ ತೆರೆದದ್ದು 2019ರಲ್ಲಿ. ರಸುವಾಗಢಿಯ ಸೇತುವೆ 2025ರ ಜುಲೈ 8ರ ಪ್ರವಾಹದಲ್ಲಿ ಕೊಚ್ಚಿಹೋಯಿತು. "ಎಷ್ಟು ದಿನದಲ್ಲಿ ಬರುತ್ತದೆ" ಅಂತ ನಂಬಿಕೆಯಿಂದ ಹೇಳಬಲ್ಲವನಿಗೆ ನೇಪಾಳದ ಪೇಟೆಯಲ್ಲಿ ಬೆಲೆಗಿಂತ ದೊಡ್ಡ ಮರ್ಯಾದೆ ಇದೆ. ಅದು ನಮ್ಮ ಕಡೆಗಿರುವ ದೊಡ್ಡ ಬಲ.

ಮೇಲೆ ಹತ್ತುವ ದಾರಿ

ಗಡಿ ಯಾವುದೇ ಇರಲಿ, ಭಾರಿ ಲಾರಿ ಕಾಠ್ಮಂಡುವಿಗೆ ಹೋಗುವ ಕೊರಳು ಒಂದೇ. ಬೀರ್‌ಗಂಜ್, ಪಥ್‌ಲೈಯಾ, ಹೇಟೌಡಾ, ಅಲ್ಲಿಂದ ಪಶ್ಚಿಮಕ್ಕೆ ನಾರಾಯಣಘಾಟ್. ಅಲ್ಲಿಂದ ತ್ರಿಶೂಲಿ ನದಿಯ ಬದಿಯಲ್ಲೇ 36 ಕಿ.ಮೀ. ಹತ್ತಿದರೆ ಮುಗ್ಲಿನ್. ಮುಗ್ಲಿನ್‌ನಿಂದ ಪೃಥ್ವಿ ಹೆದ್ದಾರಿ ಹಿಡಿದು ಮಲೇಖು, ನೌಬಿಸೆ, ಕೊನೆಗೆ ನಾಗಢುಂಗಾ ಏರು. ನಕ್ಷೆಯಲ್ಲಿ ನೋಡಿದರೆ ಕಿವಿ ಹಿಡಿಯಲು ತಲೆ ಸುತ್ತಿ ಕೈ ತಂದ ಹಾಗೆ ಕಾಣುತ್ತದೆ. ಹೇಟೌಡಾದಿಂದ ಕಾಠ್ಮಂಡು ಈಶಾನ್ಯಕ್ಕಿದೆ, ಲಾರಿ ಮಾತ್ರ ಪಶ್ಚಿಮಕ್ಕೆ ಹೋಗಿ ಪೂರ್ವಕ್ಕೆ ವಾಪಸ್ ಬರುತ್ತದೆ.

ಆ 36 ಕಿ.ಮೀ. ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಒಂದು ಕಡೆ ಕಡಿದ ಗುಡ್ಡ, ಇನ್ನೊಂದು ಕಡೆ ಕೆಳಗೆ ಕೆಂಪು ಮಣ್ಣಿನ ಬಣ್ಣದ ನದಿ. ರಸ್ತೆ ಈಗ ಎರಡು ಲೇನ್, ಡಾಂಬರು ಚೆನ್ನಾಗಿದೆ. ಆದರೆ ಗುಡ್ಡ ಸುಮ್ನೆ ಕೂರುವುದಿಲ್ಲ. 2024ರ ಜುಲೈ 12ರ ಬೆಳಗಿನ ಜಾವ ಸಿಮಲ್‌ತಾಲ್ ಹತ್ತಿರ ಗುಡ್ಡ ಕುಸಿದು ಎರಡು ಬಸ್ಸುಗಳನ್ನು ತ್ರಿಶೂಲಿಗೆ ತಳ್ಳಿತು. ಅರವತ್ತಕ್ಕೂ ಹೆಚ್ಚು ಜನ ಇದ್ದರು. ಬಸ್ಸುಗಳೇ ಸಿಗಲಿಲ್ಲ. ಅದೇ ವರ್ಷ ಸೆಪ್ಟೆಂಬರ್ ಕೊನೆಯ ಮಳೆಗೆ ಕಣಿವೆಗೆ ಹೋಗುವ ದಾರಿಗಳೆಲ್ಲ ಒಟ್ಟಿಗೆ ಮುಚ್ಚಿದವು. ನಾಗಢುಂಗಾ ಇಳಿಜಾರಿನ ಝ್ಯಾಪ್ಲೆ ಖೋಲಾದಲ್ಲಿ ಟ್ರಾಫಿಕ್‌ನಲ್ಲಿ ನಿಂತಿದ್ದ ಬಸ್ಸುಗಳ ಮೇಲೆ ಗುಡ್ಡ ಬಿತ್ತು. ಮೂವತ್ತಕ್ಕೂ ಹೆಚ್ಚು ಜನ ಹೋದರು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಮಳೆಗಾಲದಲ್ಲಿ ರಾತ್ರಿ ಗಾಡಿ ಬಿಡುವುದನ್ನು ಅಲ್ಲಿಯ ಆಡಳಿತ ನಿಲ್ಲಿಸಿದಾಗ, "ನಮ್ಮದು ಅರ್ಜೆಂಟ್, ಹೇಗಾದರೂ ನುಗ್ಗಿಸಿ" ಅಂತ ಇಲ್ಲಿಂದ ಫೋನಿನಲ್ಲಿ ಒತ್ತಡ ಹಾಕುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸ್ಟೇರಿಂಗ್ ಹಿಡಿದು ಕೂತವನ ಜೀವ ಅದು.

ಬೇರೆ ದಾರಿಗಳು ಇಲ್ಲವೇ? ಇವೆ. ಭಾರತದ ನೆರವಿನಲ್ಲಿ 1956ರ ಹೊತ್ತಿಗೆ ಮುಗಿದ ತ್ರಿಭುವನ ರಾಜಪಥ ಹೇಟೌಡಾದಿಂದ ನೇರ ಉತ್ತರಕ್ಕೆ ಹೋಗುತ್ತದೆ. ಸಿಂಭಂಜ್ಯಾಂಗ್‌ನಲ್ಲಿ 2488 ಮೀಟರ್ ಹತ್ತಿ ಮತ್ತೆ ನೌಬಿಸೆಗೆ ಇಳಿಯುತ್ತದೆ. ಕಿ.ಮೀ. ಕಡಿಮೆ, ತಿರುವು ವಿಪರೀತ. ತುಂಬಿದ ಹತ್ತು ಚಕ್ರದ ಲಾರಿಗೆ ಬ್ರೇಕ್ ಸುಡುವ ದಾರಿ ಅದು. ಮುಗ್ಲಿನ್ ಮುಚ್ಚಿದಾಗ ಹಗುರ ಲೋಡಿನ ಆರು ಚಕ್ರದ ಲಾರಿಗೆ ಮಾತ್ರ ಯೋಚಿಸಬಹುದು. ಹೇಟೌಡಾದಿಂದ ಲಲಿತಪುರಕ್ಕೆ ಹೋಗುವ ಕಾಂತಿ ಲೋಕಪಥ ಸಣ್ಣ ಗಾಡಿಗಳಿಗೆ. ಬರ್ದಿಬಾಸ್‌ನಿಂದ ಧುಲಿಖೇಲ್‌ಗೆ ಹೋಗುವ ಬಿ.ಪಿ. ಹೆದ್ದಾರಿ ಜಪಾನಿನ ನೆರವಿನಲ್ಲಿ 2015ರಲ್ಲಿ ಮುಗಿದ ಅಚ್ಚುಕಟ್ಟು ರಸ್ತೆ, 160 ಕಿ.ಮೀ. ಆದರೆ ಕಿರಿದು, ಭಾರಿ ಲಾರಿಗಾಗಿ ಮಾಡಿದ್ದಲ್ಲ. 2024ರ ಸೆಪ್ಟೆಂಬರ್ ಪ್ರವಾಹದಲ್ಲಿ ರೋಶಿ ನದಿ ಅದರ ಉದ್ದುದ್ದ ತುಂಡುಗಳನ್ನು ತಿಂದುಹಾಕಿತು. ನಿಜಗಢದಿಂದ ಕಾಠ್ಮಂಡುವಿಗೆ ಎಪ್ಪತ್ತು ಚಿಲ್ಲರೆ ಕಿ.ಮೀ.ಯ ಫಾಸ್ಟ್ ಟ್ರ್ಯಾಕ್ ಕೆಲಸವನ್ನು 2017ರಲ್ಲಿ ನೇಪಾಳಿ ಸೇನೆಗೆ ಒಪ್ಪಿಸಿದರು. ಅದು ಪೂರ್ತಿ ಬಳಕೆಗೆ ಬಂದ ದಿನ ಈ ಬರಹದ ಅರ್ಧ ಭಾಗ ಹಳೆಯದಾಗುತ್ತದೆ. ಆ ದಿನ ಬೇಗ ಬರಲಿ.

ಇದೇ ಗುಡ್ಡಗಳ ಮೇಲೆ ಒಂದು ಕಾಲದಲ್ಲಿ ಸರಕು ಗಾಳಿಯಲ್ಲಿ ತೇಲಿ ಹೋಗುತ್ತಿತ್ತು. ಹೇಟೌಡಾದಿಂದ ಕಾಠ್ಮಂಡುವಿಗೆ 42 ಕಿ.ಮೀ. ಉದ್ದದ ರೋಪ್‌ವೇ, ಅಮೆರಿಕದ ನೆರವಿನಲ್ಲಿ 1964ರಲ್ಲಿ ಶುರುವಾಗಿತ್ತು. ಅದಕ್ಕೂ ಹಿಂದೆ, ರಾಜಪಥ ಬರುವ ಮುಂಚೆ, ರಾಣಾ ದೊರೆಗಳ ಮೋಟಾರು ಕಾರುಗಳನ್ನು ಭೀಮ್‌ಫೇಡಿಯಿಂದ ಹತ್ತಾರು ಹಮಾಲರು ಬಿದಿರಿನ ಚೌಕಟ್ಟಿನಲ್ಲಿ ಹೆಗಲ ಮೇಲೆ ಹೊತ್ತು ಹತ್ತಿಸುತ್ತಿದ್ದರು. ರೋಪ್‌ವೇ ನಿಂತುಹೋಯಿತು. ಅದನ್ನು ಉಳಿಸಿಕೊಂಡಿದ್ದರೆ ಮುಗ್ಲಿನ್ ದಾರಿಯ ಹೊರೆ ಸ್ವಲ್ಪವಾದರೂ ಇಳಿಯುತ್ತಿತ್ತು ಅಂತ ನನಗೆ ಯಾವಾಗಲೂ ಅನಿಸುತ್ತದೆ. ಪೈಪಿನ ವಿಷಯದಲ್ಲಿ ಅದು ಆಗಿಯೇ ತೋರಿಸಿದೆ. 2019ರ ಸೆಪ್ಟೆಂಬರ್‌ನಲ್ಲಿ ಮೋತಿಹಾರಿ–ಅಮ್ಲೇಖ್‌ಗಂಜ್ 69 ಕಿ.ಮೀ. ತೈಲ ಪೈಪ್‌ಲೈನ್ ಶುರುವಾದ ಮೇಲೆ, ರಕ್ಸೌಲ್ ಸಾಲಿನಲ್ಲಿ ನಿಲ್ಲುತ್ತಿದ್ದ ಡೀಸೆಲ್ ಟ್ಯಾಂಕರುಗಳಿಗೆ ಅಲ್ಲಿ ಕೆಲಸವೇ ಉಳಿಯಲಿಲ್ಲ.

ನಮ್ಮ ಲಾರಿಯೇ ಮೇಲಕ್ಕಾ, ಬೀರ್‌ಗಂಜ್‌ನಲ್ಲಿ ಬದಲಿಯಾ?

ನಿಜವಾದ ತಲೆನೋವು ಇಲ್ಲಿದೆ. ಬೆಂಗಳೂರಿನಲ್ಲಿ ಲೋಡ್ ಆದ ಲಾರಿ ಕಸ್ಟಮ್ಸ್ ಪರವಾನಗಿ ಪಡೆದು ನೇರ ಕಾಠ್ಮಂಡುವಿಗೆ ಹೋಗಬಹುದು. ಅಥವಾ ಬೀರ್‌ಗಂಜ್‌ನಲ್ಲಿ ಮಾಲು ಇಳಿಸಿ ನೇಪಾಳಿ ಲಾರಿಗೆ ಹತ್ತಿಸಬಹುದು.

ನೇರ ಲಾರಿಯ ಲಾಭ, ಮಾಲಿಗೆ ಮಧ್ಯೆ ಯಾರೂ ಕೈ ಹಾಕುವುದಿಲ್ಲ. ಎರಡು ಟನ್ನಿನ ಒಂದೇ ಮೆಷಿನ್, ಗಾಜು, ಕ್ರೇನ್ ಇಲ್ಲದೆ ಎತ್ತಲಾಗದ ಕ್ರೇಟ್ ಇದ್ದರೆ ಕಣ್ಣು ಮುಚ್ಚಿ ಇದನ್ನೇ ಮಾಡಿ. ನಷ್ಟ, ಬಾಡಿಗೆ ಎರಡೂ ದಿಕ್ಕಿನದು. ನೇಪಾಳ ತರಿಸಿಕೊಳ್ಳುವುದು ಹೊರಗೆ ಕಳಿಸುವುದಕ್ಕಿಂತ ಹಲವು ಪಟ್ಟು ಜಾಸ್ತಿ. ಹಾಗಾಗಿ ಕಾಠ್ಮಂಡುವಿನಿಂದ ವಾಪಸ್ ಲೋಡ್ ಸಿಗುವುದು ಅಪರೂಪ. ಖಾಲಿ ಇಳಿಯುವ ಲಾರಿಯ ಡೀಸೆಲ್ಲನ್ನು ನೀವೇ ಕೊಡುತ್ತಿರುತ್ತೀರಿ, ಬಿಲ್ಲಿನಲ್ಲಿ ಕಾಣದಿದ್ದರೂ. ಜೊತೆಗೆ ಲಾರಿ ಗಡಿಯಲ್ಲಿ ನಿಂತಷ್ಟು ದಿನ ಹಾಲ್ಟಿಂಗ್ ಚಾರ್ಜ್ ಓಡುತ್ತದೆ.

ಬದಲಿ ಮಾಡಿದರೆ ನಿಮ್ಮ ಲಾರಿ ರಕ್ಸೌಲ್ ಕಡೆಯಿಂದಲೇ ವಾಪಸ್. ಬಿಹಾರ, ಉತ್ತರ ಪ್ರದೇಶದಲ್ಲಿ ಅದಕ್ಕೆ ಲೋಡ್ ಸಿಗುತ್ತದೆ, ಬಾಡಿಗೆಯೂ ಹಗುರ. ಮೇಲಿನ 280 ಕಿ.ಮೀ.ಗೆ ಆ ದಾರಿಯಲ್ಲೇ ಬೆಳೆದ ಚಾಲಕ ಸಿಗುತ್ತಾನೆ. ನೇಪಾಳದಲ್ಲಿ ಚಾಲಕನನ್ನು "ಗುರುಜಿ" ಅಂತ ಕರೆಯುತ್ತಾರೆ. ಆ ಮಾತು ಆ ದಾರಿಗೆ ತಕ್ಕದ್ದು. ನಾಗಢುಂಗಾ ಏರಿನಲ್ಲಿ ಎದುರಿನ ಬಸ್ಸಿಗೆ ಜಾಗ ಬಿಡಲು ತುಂಬಿದ ಲಾರಿಯನ್ನು ಅಂಗೈಯಷ್ಟು ಅಂಚಿನಲ್ಲಿ ನಿಲ್ಲಿಸಿ, ಕ್ಲೀನರ್ ಹುಡುಗ ಹಿಂಚಕ್ರಕ್ಕೆ ಕಲ್ಲು ಇಟ್ಟು ಲಾರಿಯ ಬಾಡಿಯನ್ನು ಎರಡು ಸಲ ತಟ್ಟುವುದನ್ನು ನೋಡಿದ್ದೇನೆ. ಅಷ್ಟರ ತನಕ ಗುರುಜಿ ಬ್ರೇಕಿನಿಂದ ಕಾಲು ತೆಗೆಯಲಿಲ್ಲ.

ಬದಲಿಯ ನಷ್ಟ ಹಮಾಲಿಯಲ್ಲಿದೆ. ಹೊಡೆತ ತಿನ್ನುವುದು ರಟ್ಟಿನ ಡಬ್ಬದ ಮೂಲೆಗಳು. ಒಮ್ಮೆ ನಾನು ಕಳಿಸಿದ ಲೋಡಿಗೆ ಹಳೇ ಟಾರ್ಪಲ್ ಹೊದಿಸಿದ್ದರು, ಮಡಿಕೆಯ ಜಾಗದಲ್ಲಿ ಸವೆದಿತ್ತು. ಕಾಠ್ಮಂಡುವಿನಲ್ಲಿ ಬಿಚ್ಚಿದರೆ ಮೇಲಿನ ಸಾಲಿನ ಡಬ್ಬಗಳು ನೆನೆದ ಬ್ರೆಡ್ಡಿನ ಹಾಗೆ ಕುಸಿದಿದ್ದವು. ಒಳಗಿನ ಬೇರಿಂಗ್‌ಗೆ ತುಕ್ಕು. ಅಲ್ಲಿಂದ ಮುಂದೆ ಒಳಗೊಂದು ಪ್ಲಾಸ್ಟಿಕ್ ಹಾಳೆ, ಮೇಲೊಂದು ಹೊಸ ಟಾರ್ಪಲ್ ಅಂತ ಬಾಡಿಗೆ ಮಾತಾಡುವಾಗಲೇ ಬರೆಸಿಕೊಳ್ಳುತ್ತೇನೆ. ಮೂಲೆ ಗಟ್ಟಿ ಇರುವ ಸಣ್ಣ ಡಬ್ಬದ ಮಾಲು ಹತ್ತು ಟನ್ ಒಳಗಿದ್ದರೆ ನನ್ನ ಆಯ್ಕೆ ಬದಲಿಯೇ.

ತೂಕದ ಬಗ್ಗೆ ಒಂದು ಎಚ್ಚರಿಕೆ. ಭಾರತ 2018ರಲ್ಲಿ ಆಕ್ಸಲ್ ತೂಕದ ಮಿತಿ ಏರಿಸಿತು, ಮೂರು ಆಕ್ಸಲ್ ಲಾರಿಯ ಒಟ್ಟು ತೂಕ 25 ಟನ್ನಿನಿಂದ 28.5ಕ್ಕೆ ಹೋಯಿತು. ಅದು ನಮ್ಮ ಕಾನೂನು, ನೇಪಾಳದ್ದಲ್ಲ. ಇಲ್ಲಿನ ಮಿತಿಯವರೆಗೆ ತುಂಬಿಸಿ ಕಳಿಸಿದರೆ ಅಲ್ಲಿ ವೇಬ್ರಿಡ್ಜ್ ಮೇಲೆ ಸಿಕ್ಕಿಬೀಳುವ ಸಾಧ್ಯತೆ ಇದೆ. ನೇರ ಹೋಗುವ ಲಾರಿಯಾದರೆ ಬೀರ್‌ಗಂಜ್ ಏಜೆಂಟರ ಬಳಿ ಅಲ್ಲಿನ ಮಿತಿ ಕೇಳಿ, ಅದಕ್ಕೆ ತಕ್ಕಂತೆ ಇಲ್ಲೇ ಲೋಡ್ ಮಾಡಿ.

ಕಂಟೇನರ್ ಮತ್ತು ರೈಲು ಬೇರೆ ಲೆಕ್ಕ. ಬೀರ್‌ಗಂಜ್‌ನ ಸಿರ್ಸಿಯಾ ಡ್ರೈ ಪೋರ್ಟ್‌ಗೆ (ಸಮುದ್ರವಿಲ್ಲದ ಕಡೆಯ ಕಂಟೇನರ್ ಬಂದರು) ರೈಲು ಹಳಿ ಇದೆ, 2004ರಿಂದ ನಡೆಯುತ್ತಿದೆ. ಕೋಲ್ಕತ್ತಾ ಬಂದರಿನಿಂದ ಸುಮಾರು 700 ಕಿ.ಮೀ., ವಿಶಾಖಪಟ್ಟಣದಿಂದ ಅದರ ಎರಡರಷ್ಟು. ಹೊರದೇಶದಿಂದ ಹಡಗಿನಲ್ಲಿ ಬರುವ ಮಾಲಿಗೆ ಇದು ಹೇಳಿಮಾಡಿಸಿದ್ದು. 2021ರ ಜುಲೈನಿಂದ ಖಾಸಗಿ ಕಂಟೇನರ್ ರೈಲು ಕಂಪನಿಗಳಿಗೂ ಅವಕಾಶ ಸಿಕ್ಕಿದೆ. ನಿಮ್ಮ ಬಳಿ ಒಂದೆರಡು ಕಂಟೇನರ್ ಮಾತ್ರ ಇದ್ದರೆ ರೈಲಿನ ಅಗ್ಗದ ದರ ನೋಡಿ ಹೋಗಬೇಡಿ, ರೇಕ್, ಅಂದರೆ ಇಡೀ ಗೂಡ್ಸ್ ರೈಲು, ತುಂಬುವ ತನಕ ಕಾಯಬೇಕಾಗುತ್ತದೆ. ಹಡಗು ಕಂಪನಿಯ ಕಂಟೇನರ್ ಆದರೆ ಖಾಲಿ ಡಬ್ಬ ವಾಪಸ್ ಕೊಡುವ ಗಡುವೂ ಓಡುತ್ತಿರುತ್ತದೆ. 40 ಅಡಿ ಟ್ರೇಲರನ್ನು ಬೆಟ್ಟ ಹತ್ತಿಸುವ ಯೋಚನೆ ಬಿಟ್ಟುಬಿಡಿ. ಬೀರ್‌ಗಂಜ್‌ನಲ್ಲೇ ಬಿಚ್ಚಿ ಸಣ್ಣ ಲಾರಿಗಳಿಗೆ ಹಂಚಿ.

ಗಾಡಿ ಯಾವಾಗ ಸಿಗುತ್ತದೆ?

ನೇಪಾಳದಲ್ಲಿ ಒಂದೆರಡು ಲಾರಿ ಇಟ್ಟುಕೊಂಡ ಸಣ್ಣ ಮಾಲೀಕರು ಬಹಳ. ಮೊದಲೆಲ್ಲ ಅವರ ಸಮಿತಿಗಳೇ ಸರದಿ, ದರ ಎರಡನ್ನೂ ನಿರ್ಧರಿಸುತ್ತಿದ್ದವು. ಸಿಂಡಿಕೇಟ್ ಅನ್ನುತ್ತಿದ್ದರು. 2018ರಲ್ಲಿ ಸರ್ಕಾರ ಅದನ್ನು ರದ್ದು ಮಾಡಿತು. ಈಗ ನೀವು ಬೇಕಾದವರ ಜೊತೆ ದರ ಮಾತಾಡಬಹುದು. ಹಾಗಂತ ಗಾಡಿ ಯಾವಾಗಲೂ ಸಿಗುತ್ತದೆ ಅಂತಲ್ಲ. ಒಳ್ಳೆಯ ಚಾಲಕರು ಎಷ್ಟೋ ಜನ ಕೊಲ್ಲಿ ದೇಶಗಳಿಗೆ ಹೋಗಿದ್ದಾರೆ. ಗಾಡಿ ನಿಂತಿರುತ್ತದೆ, ಓಡಿಸುವವನಿರುವುದಿಲ್ಲ.

ಎಲ್ಲಕ್ಕಿಂತ ಬಿಗಿ ದಶೈಂ ಮುಂಚಿನ ವಾರಗಳು. ನಮ್ಮ ದಸರಾದ ಹೊತ್ತೇ. ದೇಶವೆಲ್ಲ ಹಬ್ಬದ ಮಾಲು ತರಿಸುತ್ತದೆ, ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ, ಚಾಲಕರು ಊರಿಗೆ ಹೊರಡುವ ತಯಾರಿಯಲ್ಲಿರುತ್ತಾರೆ. ಮೂರೂ ಒಟ್ಟಿಗೆ ಬೀಳುತ್ತವೆ. ಹಬ್ಬದ ಮಾಲು ಆಗಸ್ಟ್ ಕೊನೆಯೊಳಗೆ ಗಡಿ ದಾಟಿರಬೇಕು ಅನ್ನುವುದು ನಾನು ಪಾಲಿಸುವ ಲೆಕ್ಕ. ಇನ್ನೊಂದು ಬಿಗಿ, ಅವರ ಆರ್ಥಿಕ ವರ್ಷ ಮುಗಿಯುವ ಜುಲೈ ಮಧ್ಯ. ಮೇ ಕೊನೆಯಲ್ಲಿ ಬಜೆಟ್ ಬಂದಾಗಲೂ ಸುಂಕ ಬದಲಾಗಬಹುದು, ಆ ವಾರ ಗಿರಾಕಿಯನ್ನು ಕೇಳದೆ ಲಾರಿ ಬಿಡಬೇಡಿ. ಅಲ್ಲಿ ವಾರದ ರಜೆ ಶನಿವಾರ. ಶುಕ್ರವಾರ ಸಂಜೆ ರಕ್ಸೌಲ್ ಮುಟ್ಟಿದ ಲಾರಿ ಸುಮ್ನೆ ನಿಲ್ಲುತ್ತದೆ. ನಾನು ನವೆಂಬರ್‌ನಿಂದ ಏಪ್ರಿಲ್ ನಡುವೆ ಭಾರಿ ಮಾಲು, ಮಳೆಗಾಲದಲ್ಲಿ ತಡವಾದರೂ ನಡೆಯುವ ಮಾಲು ಅಂತ ಹಂಚಿಕೊಳ್ಳುತ್ತೇನೆ.

ಬಾಡಿಗೆ ಒಪ್ಪುವ ಮುಂಚೆ

ಸಾಗಣೆದಾರರ ದರಗಳನ್ನು ಪಕ್ಕಪಕ್ಕ ಇಡುವ ಮೊದಲು ಅವು ಒಂದೇ ವಿಷಯದ ದರಗಳೇ ಅಂತ ನೋಡಿ. ಒಬ್ಬರದು ರಕ್ಸೌಲ್‌ವರೆಗೆ, ಇನ್ನೊಬ್ಬರದು ಕಾಠ್ಮಂಡು ಗೋಡೌನ್‌ವರೆಗೆ ಇರುತ್ತದೆ. ಭಾರತದ ರೂಪಾಯಿಯಾ, ನೇಪಾಳದ್ದಾ? 1993ರಿಂದ ನಮ್ಮ 100ಕ್ಕೆ ಅವರ 160, ಗೊಂದಲವಾದರೆ ದೊಡ್ಡ ಮೊತ್ತ. ಗಡಿಯಲ್ಲಿ ಎಷ್ಟು ದಿನ ಉಚಿತ, ಆಮೇಲೆ ದಿನಕ್ಕೆ ಹಾಲ್ಟಿಂಗ್ ಎಷ್ಟು? ಬೆಟ್ಟ ಕುಸಿದು ನಿಂತರೆ ಅದೂ ಅದರಲ್ಲೇ ಬರುತ್ತದೆಯಾ? ಹಗಲಿನಲ್ಲಿ ಕಾಠ್ಮಂಡು ಕಣಿವೆಯೊಳಗೆ ಭಾರಿ ಲಾರಿಗಳಿಗೆ ನಿರ್ಬಂಧ ಇರುತ್ತದೆ. ರಾತ್ರಿ ಇಳಿಸಿಕೊಳ್ಳಲು ಗಿರಾಕಿಯ ಗೋಡೌನಿನಲ್ಲಿ ಜನ ಇರುತ್ತಾರಾ? ವಿಮೆ ಗಡಿಯವರೆಗೆ ಮಾತ್ರನಾ, ಕೊನೆಯವರೆಗೂನಾ? ಈ ಕೊನೆಯದನ್ನು ಪಾಲಿಸಿ ಕಾಗದದಲ್ಲೇ ಓದಿ ನೋಡಿ, ಬಾಯಿಮಾತು ನಂಬಬೇಡಿ.

ಕಾಗದಗಳನ್ನು ಲಾರಿ ಹೊರಡುವ ಮುಂಚೆಯೇ ಸರಿಮಾಡಿ. ನನ್ನ ಒಂದು ಲೋಡು ರಕ್ಸೌಲ್‌ನಲ್ಲಿ ನಾಲ್ಕು ದಿನ ನಿಂತಿತು. ಇನ್‌ವಾಯ್ಸ್‌ನಲ್ಲಿ 14 ಡಬ್ಬ, ಲಾರಿಯಲ್ಲಿ 15. ಹದಿನೈದನೆಯದರಲ್ಲಿ ಇದ್ದದ್ದು ಬೋಲ್ಟು, ವಾಷರು. ಪ್ಯಾಕಿಂಗ್ ಮಾಡಿದವರು ಮೆಷಿನ್ ಜೊತೆ ಬೇಕಾಗುತ್ತದೆ ಅಂತ ಒಳ್ಳೆಯ ಮನಸ್ಸಿನಿಂದ ಕೊನೆಗೆ ಇಟ್ಟಿದ್ದರು, ಪಟ್ಟಿಗೆ ಸೇರಿಸಿರಲಿಲ್ಲ. ಚಾಲಕ ಆ ನಾಲ್ಕು ದಿನ ಲಾರಿಯ ನೆರಳಲ್ಲೇ ಸ್ಟೌ ಹಚ್ಚಿ ಅನ್ನ ಬೇಯಿಸಿಕೊಂಡ. ಈಗ ಲೋಡ್ ಮುಗಿದ ಮೇಲೆ ಇನ್‌ವಾಯ್ಸ್ ಕೈಯಲ್ಲಿ ಹಿಡಿದು ಡಬ್ಬಗಳನ್ನು ನಾನೇ ಎಣಿಸುತ್ತೇನೆ. ಟಾರ್ಪಲ್ ಕಟ್ಟುವುದು ಆಮೇಲೆ.

ಇನ್ನೊಂದು, ಬದಲಿ ಮಾಡಿಸುವವರಿಗೆ. ಗಡಿ ದಾಟಿದ ಮೇಲೆ ನಿಮ್ಮ ಕೈಯಲ್ಲಿರುವ ಬೆಂಗಳೂರಿನ ಚಾಲಕನ ನಂಬರಿನಿಂದ ಏನೂ ಗೊತ್ತಾಗುವುದಿಲ್ಲ. ನೇಪಾಳಿ ಲಾರಿಯ ನಂಬರ್, ಗುರುಜಿಯ ನೇಪಾಳದ ಮೊಬೈಲ್ ನಂಬರ್ ಎರಡನ್ನೂ ಮಾಲು ಹತ್ತಿಸಿದ ಕೂಡಲೇ ಏಜೆಂಟರಿಂದ ಬಿಲ್ಟಿಯ (ಸಾಗಣೆ ರಸೀದಿಯ) ಮೇಲೆ ಬರೆಸಿ ಫೋಟೋ ತರಿಸಿಕೊಳ್ಳಿ. ಫೋನ್ ಮಾಡುವುದಾದರೆ ಅವನು ಮುಗ್ಲಿನ್‌ನಲ್ಲಿ ಊಟಕ್ಕೆ ನಿಂತಾಗ ಮಾಡಿ. ಆ 36 ಕಿ.ಮೀ. ಮೇಲೆ ಇರುವಾಗ ಬೇಡ.